ಐರ್ಲೆಂಡಿನಲ್ಲಿ ತೆಂಕಲ ಯಾವ ಕಡೆ?

ಮೊನ್ನೆ ಸೇಡಂನಲ್ಲಿ ನಮ್ಮ ಓಣಿಯ ಬಾಯಲ್ಲಿ ಪಾರ್ಸೆಲ್ ತಂದವನೊಬ್ಬ ಗಾಡಿ ನಿಲ್ಲಿಸಿ ಯಾರದೋ ಮನೆ ಕೇಳಿದ. ನಾನು ತರಕಾರಿ ಚೀಲ ಕೆಳಗಿಟ್ಟು ಮನಸ್ಸಿಟ್ಟೇ ಹೇಳಿದೆ.

"ಸೀದಾ ಹೋಗ್ರಿ, ಹಿಟ್ಟಿನ ಗಿರಣಿ ಬರ್ತದ. ಅಲ್ಲಿಂದ ತೆಂಕಲಕ ಹೊಳ್ಳ್ರಿ. ಮೂಡಲ ಬಾಜೂಕ ಹಸರ ಬಾಗಲದ ಮನಿ."

ಅವನು ಮೊಬೈಲನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. "ಮೇಡಂ, ರೈಟಾ ಲೆಫ್ಟಾ ಅಷ್ಟ್ ಹೇಳ್ರಿ."

"ಅದು ನೀವ್ ಯಾವ ಕಡಿಂದ ಬರ್ತೀರಿ ಅನ್ನೂದರ ಮ್ಯಾಲ ಅದ. ತೆಂಕಲ ಅಂದ್ರ ಹಂಗಲ್ಲ. ಯಾವ ಕಡಿಂದ ಬಂದ್ರೂ ತೆಂಕಲೇ."

"ಬ್ಯಾಡ ಬಿಡ್ರಿ, ಅವರಿಗೇ ಫೋನ್ ಹಚ್ತೀನಿ," ಎಂದು ಗಾಡಿ ಕಿಕ್ ಹೊಡೆದು ಹೋದ. ಹೋದದ್ದು ಬಡಗಲಕ್ಕೆ. ಹೋಗಲಿ ಬಿಡಿ.

ಈ ರೋಗ ನಮ್ಮ ಮನೆತನದ್ದು. ನಾನು ಹುಟ್ಟಿ ಬೆಳೆದದ್ದು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ನಮ್ಮ ಮನೆಯಲ್ಲಿ ಎಡ ಬಲ ಎನ್ನುವ ಶಬ್ದಗಳು ಚಪ್ಪಲಿಗೆ ಮಾತ್ರ ಬಳಕೆಯಲ್ಲಿದ್ದವು. ಉಳಿದದ್ದಕ್ಕೆಲ್ಲ ನಾಲ್ಕು ದಿಕ್ಕೇ: ಮೂಡಲ ಪೂರ್ವ, ಪಡುವಲ ಪಶ್ಚಿಮ, ತೆಂಕಲ ದಕ್ಷಿಣ, ಬಡಗಲ ಉತ್ತರ. ಮಲಗಿದರೆ "ಜರಾ ಬಡಗಲಕ ಸರಿ" ಎಂದು ಅವ್ವ ತಿವಿಯುತ್ತಿದ್ದಳು. ಸ್ನಾನ ಮುಗಿಸಿದ ಅಪ್ಪನಿಗೆ "ತೆಂಕಲ ಗೂಟದಾಗಿನ ಟಾವೆಲ್" ಬೇಕಾಗುತ್ತಿತ್ತು. ಊಟಕ್ಕೆ ಕೂತಾಗ ಕೆನ್ನೆಗೆ ಅನ್ನ ಹತ್ತಿದ್ದರೆ, "ಆ ಗಲ್ಲ ಅಲ್ಲ, ಪಡುವಲ ಗಲ್ಲ" ಎನ್ನುವುದು ನಮಗೆ ಏನೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಗಂಡನಿಗೆ ಒಮ್ಮೆ ಹಾಗೆ ಹೇಳಿದೆ. ಆತ ಗಲ್ಲ ಒರೆಸಿಕೊಳ್ಳದೆ ಎದ್ದು ಹೊರಗೆ ಹೋಗಿ ಸೂರ್ಯನನ್ನು ನೋಡಿ ಬಂದ.

ನಾನು ಈಗ ಚಿತ್ತಾಪುರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಅದರಲ್ಲಿ ಭೂಪಟದ ಪಾಠವೂ ಬರುತ್ತದೆ. ಮುಂದೆ ಹೇಳುವುದನ್ನು ಓದುವಾಗ ದಯವಿಟ್ಟು ಇದನ್ನು ಮರೆತುಬಿಡಿ.

ಯಾಕೆಂದರೆ ಈ ದಿಕ್ಕಿನ ಚಾಳಿ ನನಗೆ ಸೇಡಂನಲ್ಲಿ, ಶಹಾಬಾದಿನಲ್ಲಿ, ಕೊನೆಗೆ ಚಿಂಚೋಳಿಯ ಅಡವಿಯಲ್ಲಿ ಕೂಡ ಎಂದೂ ಮೋಸ ಮಾಡಿಲ್ಲ. ಮೋಸ ಮಾಡಿದ್ದು ಐರ್ಲೆಂಡಿನಲ್ಲಿ. ಹೌದು, ನಾನು ಐರ್ಲೆಂಡಿಗೆ ಹೋಗಿದ್ದೆ. ಊರು ನೋಡಲಿಕ್ಕಲ್ಲ, ಬಾಣಂತನಕ್ಕೆ.

ನನ್ನ ತಂಗಿ ಸುಜಾತಾ ಅಲ್ಲಿ ನರ್ಸು. ಅವಳ ಗಂಡ ವಿಠ್ಠಲನಿಗೆ ಅಲ್ಲೇ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ. ಚೊಚ್ಚಲು ಮಗು ಹುಟ್ಟಿತು. ಅವ್ವನಿಗೆ ಮೊಣಕಾಲು ನೋವು, ಮೇಲೆ ವಿಮಾನದ ಭಯ. "ಅದರಾಗ ಕುಂತ್ರ ಕಾಲು ಎಲ್ಲಿ ಊರಬೇಕು?" ಎನ್ನುವುದು ಅವಳ ಪ್ರಶ್ನೆ. ನನಗೆ ಬೇಸಿಗೆ ರಜೆ ಬಂದಿತ್ತು, ಅದರ ಮುಂದೆ ಇನ್ನಷ್ಟು ರಜೆ ಹಾಕಿ ನಾನೇ ಹೊರಟೆ. ಚೀಲದಲ್ಲಿ ಅಂಟಿನುಂಡಿ, ಓಂಕಾಳು, ಸಬ್ಬಸಿಗೆ ಬೀಜ, ಜೋಳದ ಹಿಟ್ಟು, ಬಾಣಂತಿಯ ಕಿವಿಗೆ ಕಟ್ಟಲು ಹತ್ತಿ ಬಟ್ಟೆ. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆ ಮಾಡುವವನೊಬ್ಬ ಅಂಟಿನುಂಡಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಇದು ಏನು?" ಎಂದ. ನನ್ನ ಇಂಗ್ಲಿಷಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಹೆರಿಗೆ, ಸೊಂಟ, ಶಕ್ತಿ ಎಂದು ಕೈಸನ್ನೆಯಲ್ಲಿ ತೋರಿಸತೊಡಗಿದೆ. ಸೊಂಟಕ್ಕೆ ಬರುವಷ್ಟರಲ್ಲಿ ಆತ ಉಂಡಿ ವಾಪಸು ಇಟ್ಟು ಕೈಮುಗಿದಂತೆ ಮಾಡಿದ.

ಏಪ್ರಿಲ್ಲಿನಲ್ಲಿ ಸೇಡಂ ಹೇಗಿರುತ್ತದೆ ನಿಮಗೆ ಗೊತ್ತು. ಹಾಸುಗಲ್ಲ ಮೇಲೆ ಹಪ್ಪಳ ಸುಡಬಹುದು. ಅಲ್ಲಿ ಇಳಿದರೆ ಮೋಡ. ಮರುದಿನ ಮೋಡ. ಆಮೇಲೂ ಮೋಡ. ಯಾವಾಗಲೋ ಒಮ್ಮೆ ಸೂರ್ಯ ಮೋಡದ ಸಂದಿಯಲ್ಲಿ ಮುಖ ತೋರಿಸಿ, ಸಾಲಗಾರನನ್ನು ಕಂಡವನಂತೆ ಒಳಗೆ ಹೋಗಿಬಿಡುತ್ತಿದ್ದ. ಅವನನ್ನು ನಂಬಿ ದಿಕ್ಕು ಹೇಳುವ ಹಾಗಿರಲಿಲ್ಲ.

ಸುಜಾತಾಳ ಮನೆ ಒಂದು ಸಣ್ಣ ಊರಿನ ಅಂಚಿನಲ್ಲಿ, ದೊಡ್ಡ ಕೆರೆಯೊಂದರ ದಂಡೆಗಿತ್ತು. ಕೆರೆಯ ಸುತ್ತ ಕಿರುದಾರಿ. ಅಲ್ಲಲ್ಲಿ ಸೈಕಲ್ ಚಿತ್ರದ ಬೋರ್ಡು. ಸೈಕಲ್ಲಿಗೂ ಒಂದು ಬೋರ್ಡು! ನಮ್ಮಲ್ಲಿ ಎಷ್ಟೋ ಊರಿಗೇ ಬೋರ್ಡಿಲ್ಲ. ಸುಜಾತಾ ಅಲ್ಲಿಗೆ ಹೋದ ಮೇಲೆ ಈ ದಾರಿಗಳ ಹುಚ್ಚು ಹಿಡಿಸಿಕೊಂಡಿದ್ದಳು. ಡ್ಯೂಟಿ ಇಲ್ಲದ ದಿನ ಸೈಕಲ್ ಹತ್ತಿದರೆ ಸಂಜೆಗೇ ಮನೆ. ವಾರವಾರ ನಮಗೆ ಫೋಟೋ ಕಳಿಸುತ್ತಿದ್ದಳು: ಹಸಿರು, ಮತ್ತೆ ಹಸಿರು, ನಡುವೆ ಒಂದು ಆಕಳು. "ಇದನ್ನೇನ್ ನೋಡಬೇಕು," ಎಂದು ಅವ್ವ ಚಸ್ಮಾ ಹಾಕಿಕೊಂಡು ಆಕಳಿನ ಕೆಚ್ಚಲು ದೊಡ್ಡದು ಮಾಡಿ ನೋಡುತ್ತಿದ್ದಳು.

ಆದರೆ ನಾನು ಹೋದಾಗ ಕಂಡ ಸುಜಾತಾ ಬೇರೆಯೇ ಆಗಿದ್ದಳು. ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಹಾಲು ಕುಡಿಸುತ್ತಿದ್ದಳು, ಹೇಳಿದರೆ ಉಣ್ಣುತ್ತಿದ್ದಳು, ಕೇಳಿದರೆ ಉತ್ತರ ಕೊಡುತ್ತಿದ್ದಳು. ಅಷ್ಟೇ. ಮನೆಗೆ ಬಂದು ತಾಯಿ ಮಗುವನ್ನು ನೋಡಿ ಹೋಗುವ ನರ್ಸಮ್ಮ ಅಲ್ಲಿದ್ದಾಳೆ. ಆಕೆ ಪ್ರತಿಸಲ ಹೇಳುವುದು ಒಂದೇ: ಇವಳನ್ನು ಹೊರಗೆ ಕರೆದುಕೊಂಡು ಹೋಗಿ, ಗಾಳಿ ಬೆಳಕು ಆಗಲಿ, ನಡೆಯಲಿ, ಮನಸ್ಸಾದರೆ ನಿಧಾನ ಸೈಕಲ್ಲೂ ಹೊಡೆಯಲಿ, ಮೈ ಗಟ್ಟಿಯಾಗಿಯೇ ಇದೆ. ಸೇಡಂನಿಂದ ವಿಡಿಯೋ ಕಾಲಿನಲ್ಲಿ ಅವ್ವ ಹೇಳುವುದು ಇನ್ನೊಂದು: "ಬಾಣಂತಿ ಗಾಳಿಗಿ ಬಿದ್ರ ಜೀವಮಾನ ತಲಿನೋವು. ಹೊಸ್ತಿಲ ದಾಟಬ್ಯಾಡ ಅನ್ನು ಅಕಿಗಿ."

ಸುಜಾತಾ ಅವ್ವನ ಮಾತನ್ನೇ ಹಿಡಿದುಕೊಂಡಳು. "ಅವ್ವ ಬ್ಯಾಡ ಅಂದಾಳಲ್ಲ ಅಕ್ಕಾ." ನಾನು ಹೆದರಿದ್ದು ಅಲ್ಲೇ. ಇವಳು ನರ್ಸಿಂಗ್ ಕಲಿಯಲು ಹೋದದ್ದು ಅವ್ವ ಬೇಡವೆಂದಾಗ. ವಿಠ್ಠಲನನ್ನು ಮದುವೆಯಾದದ್ದು ಅವ್ವ ಬೇಡವೆಂದಾಗ. ವಿಮಾನ ಹತ್ತಿದ್ದು ಅವ್ವ ಮೂರು ದಿನ ಉಪವಾಸ ಮಾಡಿದಾಗ. ಹುಟ್ಟಿದಾರಭ್ಯ ಒಂದು ಮಾತು ಕೇಳದವಳು ಈಗ ತಲೆ ಬಾಗಿಸಿ ಕೇಳುತ್ತಿದ್ದಾಳೆ ಎಂದರೆ, ಒಳಗೆ ಏನೋ ಆರಿಹೋಗಿದೆ.

ಒಂದು ಮಧ್ಯಾಹ್ನ ನಾನೇ ಕೇಳಿದೆ. "ನಿನ ಸೈಕಲ್ ಶೆಡ್ಡಿನಾಗ ತುಕ್ಕ ಹಿಡೀಲಿಕತ್ತದ. ನಾ ಒಂದ್ ಸುತ್ತು ಹೊಡೀಲೇನ?"

"ನೀನಾ?" ಎಂದಳು. ಬಹಳ ದಿನದ ಮೇಲೆ ಆ ದನಿಯಲ್ಲಿ ಉಪ್ಪು ಖಾರ ಇತ್ತು.

"ಯಾಕ, ಅಪ್ಪನ ಸೈಕಲ್ ಕೈಂಚಿ ಹೊಡ್ದು ನಿನ್ನ ಕ್ಯಾರಿಯರ್ ಮ್ಯಾಲ ಕುಂದರಿಸ್ಕೊಂಡು ವಾಡಿ ಎಲ್ಲಾ ತಿರಗ್ಸಿದಾಕಿ ಯಾರು?"

"ಬೀಳ್ಸಿದಾಕಿ ಯಾರು?"

ಅದೂ ನಿಜ. ಎತ್ತರದ ಸೈಕಲ್ಲು, ಸೀಟಿನ ಮೇಲೆ ಕೂತರೆ ಕಾಲು ಪೆಡಲ್ ಮುಟ್ಟದ್ದರಿಂದ ದಂಡಿಗೆಯ ನಡುವೆ ಕಾಲು ತೂರಿಸಿ ಹೊಡೆಯುವ ಕೈಂಚಿ ಪದ್ಧತಿ, ಹಿಂದೆ ಇವಳು. ನಮ್ಮ ಕಡೆ ನೆಲವೆಲ್ಲ ರೊಟ್ಟಿ ಹಂಚಿನ ಹಾಗೆ ಸಪಾಟು. ಏರು ಎಂದರೆ ರೈಲ್ವೆ ಮೇಲ್ಸೇತುವೆ, ಅಷ್ಟೇ. ಆ ಒಂದು ಏರು ಹತ್ತಿ ಇಳಿಯುವಾಗಲೇ ಇಬ್ಬರೂ ತೊಗರಿ ಹೊಲದಲ್ಲಿ ಬಿದ್ದಿದ್ದೆವು.

ಸುಜಾತಾ ದಾರಿ ಹೇಳಿದಳು. ನಮ್ಮ ಮನೆಯ ಭಾಷೆಯಲ್ಲೇ ಹೇಳಿದಳು. "ಬಾಗಲ ದಾಟಿ ತೆಂಕಲಕ ಹೊಳ್ಳು. ಆಮ್ಯಾಲ ಕೆರಿ ಬಿಡಬ್ಯಾಡ. ರಸ್ತಾನೇ ಸುತ್ತು ಹಾಕ್ಸಿ ಮನಿಗಿ ತಂದು ಬಿಡ್ತದ. ಚರ್ಚ್ ಬರ್ತದ, ಅದು ದಾಟಿದ ಮ್ಯಾಲ ಇಳಕಲ ಅದ ನೋಡು ಅಕ್ಕಾ, ಪೆಡಲ್ ಮುಟ್ಟೂದೇ ಬ್ಯಾಡ, ಕೆರಿಯೊಳಗೇ ಹಾರಿದಂಗ ಅನಸ್ತದ." ಕಣ್ಣಲ್ಲಿ ಒಂದಿಷ್ಟು ಬೆಳಕು ಬಂದು ಹೋಯಿತು. ಸಾಕು, ಹೊರಟೆ.

ಚೂಡಿದಾರದ ಮೇಲೆ ಅವಳ ಮಿಂಚುವ ಹಳದಿ ಜಾಕೀಟು. ಕನ್ನಡಿಯಲ್ಲಿ ನೋಡಿಕೊಂಡರೆ ಮಳಖೇಡದ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವಳಂತಿದ್ದೆ. ಬಾಗಿಲಲ್ಲಿ ನಿಂತೆ. ಮನೆ ಎಂದ ಮೇಲೆ ಬಾಗಿಲು ಮೂಡಲಕ್ಕೆ. ಮೂಡಲಕ್ಕೆ ಮುಖ ಮಾಡಿ ನಿಂತರೆ ತೆಂಕಲ ಬಲಗೈ ಕಡೆ. ಇದರಲ್ಲಿ ಯೋಚಿಸುವುದೇನಿದೆ? ಬಲಕ್ಕೆ ಹೊರಳಿದೆ.

ಏನು ಹೇಳಲಿ ಆ ದಾರಿಯನ್ನು. ಏರುತ್ತದೆ, ಏರಿದ್ದು ಗೊತ್ತಾಗುವ ಮೊದಲೇ ಇಳಿಯುತ್ತದೆ. ಮಲಗಿದ ಎಮ್ಮೆಗಳ ಮೇಲೆ ಹಸಿರು ಚಾದರ ಹೊದಿಸಿ ಅದರ ಮೇಲೆ ರಸ್ತೆ ಎಳೆದ ಹಾಗೆ. ಚಿಂಚೋಳಿಯಲ್ಲಿ ಚಂದಾಪುರದ ಅಂಗಡಿ ಸಾಲು ದಾಟಿ ಅಡವಿ ಕಡೆ ಹೋದರೆ ಮಳೆಗಾಲದಲ್ಲಿ ಸ್ವಲ್ಪ ಹೀಗೆ ಕಾಣುತ್ತದೆ. ಆದರೆ ಅಲ್ಲಿ ನಮಗೆ ಬಸ್ಸಿನ ಕಿಟಕಿ ಸಿಗುವುದೇ ಕಷ್ಟ, ಏರಿಳಿತ ಯಾರು ನೋಡಿದ್ದಾರೆ? ಇಲ್ಲಿ ತೊಡೆಗಳೇ ನೋಡುತ್ತಿದ್ದವು.

ರಸ್ತೆಯ ಎರಡೂ ಬದಿಗೆ ಕಲ್ಲಿನ ಗೋಡೆ. ಗಾರೆ ಇಲ್ಲ, ಸಿಮೆಂಟಿಲ್ಲ, ಕಲ್ಲ ಮೇಲೆ ಕಲ್ಲು. ನಮ್ಮ ಶಹಾಬಾದ್ ಕಡೆ ಹೊಲದ ಸುತ್ತ ಫರಸಿ ಕಲ್ಲು ನಿಲ್ಲಿಸುತ್ತಾರಲ್ಲ, ಅದಕ್ಕೆ ದೂರದ ಬೀಗರು ಅನ್ನಿಸಿತು. ಇದು ಬೀಳದೆ ಹೇಗೆ ನಿಂತಿದೆ? ಸೈಕಲ್ ಒರಗಿಸಿ ಒಂದು ಕಲ್ಲನ್ನು ಅಲುಗಾಡಿಸಿ ನೋಡಿದೆ. ಬರಲಿಲ್ಲ. ಇನ್ನೊಂದನ್ನು ಎಳೆದೆ. ಅದು ಬಂತು. ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗಲೇ ಗೋಡೆಯ ಆಚೆಯಿಂದ ಹೊಲದ ಮಾಲೀಕ, ಕೆಂಪು ಮುಖದ ಮುದುಕ, ಎದ್ದು ನಿಂತ. ಹಿಂದೆ ಒಂದು ಕತ್ತೆ.

ನಮ್ಮಲ್ಲಾಗಿದ್ದರೆ ಮೊದಲು ನನ್ನ ಹಿರಿಯರ ಜನ್ಮ ಜಾಲಾಡುತ್ತಿದ್ದರು. ಈತ, "ಇವತ್ತು ಹವಾ ಪರವಾಗಿಲ್ಲ, ಅಲ್ಲವೇ?" ಎಂದ. ತುಂತುರು ಬೀಳುತ್ತಿತ್ತು. ನಾನು ಹೌದೆಂದೆ, ಕಲ್ಲನ್ನು ವಾಪಸು ಇಡಲು ನೋಡಿದೆ, ಅದು ಕೂರಲಿಲ್ಲ. ಆತ ತೆಗೆದುಕೊಂಡು ಇಟ್ಟ, ಕೂತಿತು. ಊರು ಯಾವುದೆಂದು ಕೇಳಿದ. ಸೇಡಂ ಎಂದೆ. ನಮ್ಮ ಪಕ್ಕದ ಕುರಕುಂಟಾಕ್ಕೋ ಎಲ್ಲಿಗೋ ಹೋಗುವಾಗ ನೋಡಿದ್ದೇನೆ ಎನ್ನುವ ಹಾಗೆ ತಲೆ ಆಡಿಸಿದ.

"ಈ ಕತ್ತೆ ಏನು ಕೆಲಸ ಮಾಡುತ್ತದೆ?" ಎಂದು ಕೇಳಿದೆ.

"ಏನೂ ಇಲ್ಲ. ಇಲ್ಲಿರುತ್ತದೆ."

ಅದು ನನಗೆ ಬಹಳ ಹಿಡಿಸಿತು. ಕೊನೆಗೆ ಕೇಳಿದೆ, "ಈ ದಾರಿ ತೆಂಕಲಕ್ಕೆ ಹೋಗುತ್ತದೆ, ಹೌದಲ್ಲ?" ಆತ ಆಕಾಶ ನೋಡಿದ, ರಸ್ತೆ ನೋಡಿದ. "ತೆಂಕಲಕ್ಕೆ? ಹೋಗುತ್ತಾ ಇದ್ದರೆ ಒಂದಲ್ಲ ಒಂದು ಕಡೆ ತೆಂಕಲಕ್ಕೂ ಹೋಗುತ್ತದೆ," ಎಂದ. ಕೆರೆಯ ಸುತ್ತ ಹೋಗುವ ದಾರಿ, ಸರಿಯಾಗಿಯೇ ಹೇಳಿದ್ದ. ನನಗೆ ಅದು ತಿಳಿಯಲಿಲ್ಲ.

ಮನೆಗೆ ಬಂದು ಸುಜಾತಾಳ ಮುಂದೆ ಕೂತು ಎಲ್ಲ ಹೇಳಿದೆ. ಕತ್ತೆಯ ಹತ್ತಿರ ಬಂದಾಗ ತುಟಿ ಅಲುಗಿತು. "ಅದಿನ್ನಾ ಅದ?" ಎಂದಳು. ಮರುದಿನವೂ ಹೋದೆ. ಅದರ ಮರುದಿನವೂ. ಅದೊಂದು ಪದ್ಧತಿಯೇ ಆಯಿತು: ನಾನು ಸುತ್ತಿ ಬರುವುದು, ಅವಳು ಕೂತಲ್ಲೇ ಕೇಳುವುದು. ಎದುರು ಬರುವ ಕಾರಿನವರು ಸ್ಟೇರಿಂಗ್ ಮೇಲಿಂದ ಒಂದೇ ಬೆರಳು ಎತ್ತುತ್ತಾರೆ, ಅದು ಅವರ ನಮಸ್ಕಾರ ಎಂದು ಅವಳೇ ತಿಳಿಸಿದಳು. ನಾನು ಎರಡೂ ಕೈ ಎತ್ತಿ ನಮಸ್ಕಾರ ಮಾಡಲು ಹೋಗಿ ಬೇಲಿಗೆ ಹೊಕ್ಕಿದ್ದನ್ನು ಹೇಳಿದಾಗ, "ಒಂದ್ ಬಟ್ಟ್ ಸಾಕಾಗಂಗಿಲ್ಲೇನ ನಿನಗ?" ಎಂದಳು.

ಎಲ್ಲ ಸರಿಹೋಗುತ್ತಿದೆ ಅಂದುಕೊಂಡೆ. ಜಗಳ ಹತ್ತಿದ್ದು ಇಳಿಜಾರಿನ ಮೇಲೆ.

"ಚರ್ಚ್ ದಾಟಿದ ಮ್ಯಾಲ ಇಳಕಲದಾಗ ಹ್ಯಾಂಗ ಅನಸ್ತು?" ಎಂದು ಕೇಳಿದಳು.

"ಎಲ್ಲಿ ಇಳಕಲ? ಚರ್ಚ್ ಆದ ಮ್ಯಾಲ ಏರ ಅದ. ನನ್ನ ಉಸಿರು ಹೋಗಿ ಬಂತು."

"ಏರ ಅಲ್ಲ ಅಕ್ಕಾ. ಇಳಕಲ."

"ಸುಜಿ, ದಿನಾ ಹೊಡ್ಯಾಕಿ ನಾನು. ಮೊದಲ ಕೆರಿ ದಂಡಿ, ಆಮ್ಯಾಲ ಚರ್ಚ್, ಆಮ್ಯಾಲ ಏರ. ಕೊನಿಗಿ ಕತ್ತಿ."

"ಕತ್ತಿ ಮೊದಲ ಬರ್ತದಲ್ಲ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಕಿಟಕಿಯ ಕಡೆ ತಿರುಗಿದಳು. ಕತ್ತೆಯನ್ನು ಬೇರೆ ಹೊಲಕ್ಕೆ ಕಟ್ಟಿರಬೇಕು ಎಂದು ನಾನು ಸಮಾಧಾನ ಮಾಡಿದೆ. ಏರಿನ ವಿಷಯದಲ್ಲಿ ಮಾತ್ರ ಬಿಟ್ಟುಕೊಡಲಿಲ್ಲ. ಮೇಷ್ಟ್ರ ಜಾತಿ ನೋಡಿ, ಸರಿ ಉತ್ತರ ಸರಿಯೇ.

ಮರುದಿನ ಬೆಳಿಗ್ಗೆ ವಿಠ್ಠಲ ಅಡುಗೆಮನೆಗೆ ಬಂದು ದನಿ ತಗ್ಗಿಸಿದ. "ಅಕ್ಕಾರ, ಆ ಸೈಕಲ್ ದಾರಿ ಮಾತು ಜರಾ ಬಿಡ್ರಿ. ಅಕಿ ನಿನ್ನಿ ಇಂದ ಒಂದೇ ಸಮ, ನನ್ನ ತಲಿ ಕೆಟ್ಟದ ಅನ್ಲಿಕತ್ತಾಳ. ಅಷ್ಟ್ ಸಲ ಹೋದ ದಾರಿನೇ ನೆನಪಿಲ್ಲ ಅಂದ್ರ ದವಾಖಾನ್ಯಾಗ ಯಾರಿಗಿ ಯಾವ ಔಷಧ ಅಂತ ಹ್ಯಾಂಗ ನೆನಪ ಇಡ್ಲಿ, ಕೆಲಸಕ್ಕ ವಾಪಸ್ ಹೋಗಂಗಿಲ್ಲ ನಾ ಅಂತಾಳ."

"ನೀವರ ಹೇಳ್ಬೇಕಿಲ್ಲೋ, ಏರೋ ಇಳಕಲೋ?"

"ನಾ ಎಂದ್ ಸೈಕಲ್ ಹತ್ತೀನ್ರಿ? ನನಗ ಹೋಟೆಲ್ ದಾರಿ ಬಿಟ್ರ ಏನ್ ಗೊತ್ತದ?"

ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು. ನಾನು ಅವಳಿಗೆ ಹೊರಗಿನ ಗಾಳಿ ತಂದುಕೊಡುತ್ತಿದ್ದೇನೆ ಅಂದುಕೊಂಡರೆ, ಅವಳ ಕಾಲ ಕೆಳಗಿನ ನೆಲವನ್ನೇ ಎಳೆಯುತ್ತಿದ್ದೆ. ಅವಳ ಹತ್ತಿರ ಹೋಗಿ, "ನನಗೇ ಏರ ಇಳಕಲ ತಿಳಿಯಂಗಿಲ್ಲ, ಸಪಾಟ ಊರಿನಾಕಿ, ಬಿಡು," ಎಂದೆ. ಅವಳು ಸುಮ್ಮನೆ ನಕ್ಕಳು. ರೋಗಿಯ ಮನ ನೋಯಿಸಬಾರದೆಂದು ನರ್ಸು ನಗುವ ನಗು ಅದು. ನಾನು ಸೈಕಲ್ ಬಿಟ್ಟೆ. ಅವಳು ದಾರಿಯ ಮಾತು ಬಿಟ್ಟಳು. ಮನೆಯಲ್ಲಿ ಮಗುವೊಂದೇ ಬಾಯಿಬಿಡುತ್ತಿತ್ತು.

ಹಾಗೆ ಕೆಲವು ದಿನ ಹೋದ ಮೇಲೆ ಒಂದು ಸಂಜೆ, ವಿಠ್ಠಲನಿಗೆ ರಜೆ ಇದ್ದ ದಿನ, ನಾನು ಬಾಗಿಲು ತೆರೆದಿಟ್ಟು ಹೊಸ್ತಿಲ ಹತ್ತಿರ ಕೂತು ಸಬ್ಬಸಿಗೆ ಸೊಪ್ಪು ಬಿಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಸೊಪ್ಪಿನ ಮೇಲೆ ಬಿಸಿಲು ಬಿತ್ತು. ತಲೆ ಎತ್ತಿದರೆ ಮೋಡ ಹರಿದು, ಕೆರೆಯ ಮೇಲೆ, ಬಾಗಿಲಿಗೆ ಎದುರಾ ಎದುರು, ಸೂರ್ಯ ಕೆಳಗೆ ಇಳಿಯುತ್ತಿದ್ದಾನೆ. ನನ್ನ ಮೂಡಲದಲ್ಲಿ. ಸಂಜೆ ಹೊತ್ತಿನಲ್ಲಿ. ಮೂಡಲದಲ್ಲಿ!

ನಾನು ಕಿರುಚಿದೆ. ಸುಳ್ಳು ಯಾಕೆ ಹೇಳಲಿ, ಗಟ್ಟಿಯಾಗಿಯೇ ಕಿರುಚಿದೆ. "ಸುಜೀ! ಸೂರ್ಯಾ ಮೂಡಲಕ ಮುಳಗ್ಲಿಕತ್ತಾನಲೇ!"

ಒಳಗೆ ಕುರ್ಚಿ ಸರಿದ ಸದ್ದು. ಸುಜಾತಾ ಬಾಗಿಲಿಗೆ ಓಡಿ ಬಂದಳು. ನನಗೆ ಏನೋ ಆಯಿತೆಂದು ಹೆದರಿ ಬಂದವಳು. "ಏನಾಯ್ತು? ಏನಾಯ್ತಕ್ಕಾ?"

ನಾನು ಬೆರಳು ತೋರಿಸಿದೆ. ಅವಳು ಸೂರ್ಯನನ್ನು ನೋಡಿದಳು, ನನ್ನನ್ನು ನೋಡಿದಳು. "ಅದು ಪಡುವಲ."

"ಬಾಗಲ ಮೂಡಲಕ ಇರ್ತದಲ್ಲ!"

"ಯಾರ್ ಹೇಳಿದ್ರು ನಿನಗ?"

"ಪಡುವಲಕ ಬಾಗಲಿದ್ದ ಮನಿ ಯಾರರ ತಗೋತಾರೇನ?"

"ಬಾಡಿಗಿ ಮನಿ ಅಕ್ಕಾ ಇದು! ಬಾಗಲ ಇತ್ತು, ತಗೊಂಡ್ವಿ!" ಎಂದವಳು ಥಟ್ಟನೆ ನಿಂತಳು. ನನ್ನ ಭುಜ ಹಿಡಿದು ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿಸಿದಳು. "ತೆಂಕಲಕ ಹೊಳ್ಳು ಅಂದ್ರ ಯಾವ ಕಡಿ ಹೊಳ್ಳಿದ್ದಿ? ಕೈ ಮಾಡು."

ಬಲಗೈ ತೋರಿಸಿದೆ.

"ಅದು ಬಡಗಲ," ಎಂದಳು. ನಿಧಾನವಾಗಿ, ಒಂದೊಂದೇ ಅಕ್ಷರ ಮುಟ್ಟಿ ನೋಡುವಂತೆ ಮುಂದುವರಿಸಿದಳು. "ಇಷ್ಟು ದಿನಾ ನೀ ಸುತ್ತು ಉಲ್ಟಾ ಹೊಡ್ದೀದಿ. ಚರ್ಚ್ ಇಳಕಲದ ನಡುವೇ ಅದ, ನಾ ಇಳಿಯೂ ಕಡಿಂದ ನೀ ಏರೀದಿ. ಅದಕ್ಕೇ ನಿನಗ ಕತ್ತಿ ಕೊನಿಗಿ ಬರ್ತದ."

"ಹಂಗಾದ್ರ ಚರ್ಚ್ ಆದ ಮ್ಯಾಲ..."

"ಮಾತಾಡಬ್ಯಾಡ ನೀ!" ಎಂದಳು. ಅಷ್ಟು ಜೋರು ದನಿ ನಾನು ಅಲ್ಲಿಗೆ ಹೋದ ಮೇಲೆ ಕೇಳಿರಲಿಲ್ಲ. "ಎಂಟು ದಿನ ನಾ ಹುಚ್ಚಿ ಆಗೀನಿ ಅಂತ ಕುಂತಿದ್ದೆ. ಇಕಿ ನೋಡಿದ್ರ ಮಕ್ಕಳಿಗಿ ಭೂಪಟ ಕಲಸ್ತಾಳಂತ!" ಬೈಯುತ್ತಾ ಬೈಯುತ್ತಾ ನಗು ಬಂತು, ನಗುತ್ತಾ ಕಣ್ಣೀರು ಬಂತು. ವಿಠ್ಠಲ ಮಗುವನ್ನು ಎತ್ತಿಕೊಂಡು ಬಂದು ನಮ್ಮಿಬ್ಬರನ್ನೂ ನೋಡುತ್ತಾ ಬಾಗಿಲಲ್ಲೇ ನಿಂತ.

ಸುಜಾತಾ ಕಿವಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಶೆಡ್ಡಿನ ಬಾಗಿಲು ತೆರೆದಳು. "ನಾನೇ ನೋಡ್ಕೊಂಡ್ ಬರ್ತೀನಿ."

"ಸುಜಿ, ಅವ್ವ..." ಎಂದೆ. ಬಾಯಿಂದ ತಾನಾಗಿಯೇ ಬಂತು. ಅವಳು ತಿರುಗಿಯೂ ನೋಡಲಿಲ್ಲ. ಹಳೆಯ ಸುಜಾತಾ! ಗೇಟು ದಾಟಿ ಎಡಕ್ಕೆ ಹೊರಳಿ, ನಿಧಾನಕ್ಕೆ, ಮೊದಲು ಸ್ವಲ್ಪ ತೂಗಾಡಿ, ಆಮೇಲೆ ನೆಟ್ಟಗೆ, ಗೋಡೆಗಳ ನಡುವೆ ಮರೆಯಾದಳು.

ಮಗು ಎದ್ದು ಅತ್ತಿತು, ಮಲಗಿತು. ವ್ಯಾಳ್ಯಾ ಹೋಗಲಿಲ್ಲ. "ಬಿದ್ದಿರ್ತಾಳೇನ್ರಿ ಅಕ್ಕಾರ?" ಎಂದು ವಿಠ್ಠಲ ಕೇಳಿದ. "ಬೀಳಾಕಿ ಅಲ್ಲ ಅಕಿ, ನನ್ನ ಹಿಂದ ಕುಂತ್ರ ಅಷ್ಟೇ ಬೀಳ್ತಾಳ," ಎಂದೆ. ಹೇಳಿದೆನೇ ಹೊರತು ಕಾಲು ಗೇಟಿನ ಹತ್ತಿರವೇ ಇದ್ದವು. ಒಂದು ವೇಳೆ ಅಲ್ಲಿ ನಿಜವಾಗಿಯೂ ಏರೇ ಇದ್ದರೆ? ಅವಳ ನೆನಪೇ ತಪ್ಪಾಗಿದ್ದರೆ? ದೇವರೇ, ಈ ಒಂದು ಉತ್ತರ ನನ್ನದು ತಪ್ಪಾಗಿರಲಿ ಎಂದುಕೊಂಡೆ. ಇಷ್ಟು ವರ್ಷದ ಮೇಷ್ಟರಿಕೆಯಲ್ಲಿ ಹಾಗೆ ಬೇಡಿದ್ದು ಅದೊಂದೇ ಸಲ.

ಬಂದಳು. ಹೋದ ಕಡೆಯಿಂದಲ್ಲ, ಇನ್ನೊಂದು ಕಡೆಯಿಂದ, ಸುತ್ತು ಪೂರಾ ಮಾಡಿ. ಮುಖ ಕೆಂಪು, ಕೂದಲು ಹಣೆಗೆ ಅಂಟಿತ್ತು, ಉಸಿರು ಎದೆಯಲ್ಲಿ ನಿಲ್ಲುತ್ತಿರಲಿಲ್ಲ. ಸೈಕಲ್ಲನ್ನು ನನ್ನ ಕಡೆ ದೂಡಿ ವಿಠ್ಠಲನ ಕೈಯಿಂದ ಮಗುವನ್ನು ಕಿತ್ತುಕೊಂಡಳು. ಅದರ ನೆತ್ತಿಗೆ ಮೂಗು ಒತ್ತಿದಳು.

"ಇಳಕಲೇ ಅದ," ಎಂದಳು.

"ಹೌದಾ?"

"ಹೌದಾ ಅಂತಾಳ! ಪೆಡಲ್ ಮುಟ್ಟಿಲ್ಲ ನಾ." ಹೊಸ್ತಿಲು ದಾಟಿ ಒಳಗೆ ಹೋಗುತ್ತಾ ಹಿಂತಿರುಗಿ ನೋಡಿದಳು. "ನಾಳಿ ಗುಡ್ಡದ ಆಚಿ ದೊಡ್ಡ ಸುತ್ತು ಅದ, ಅದಕ್ಕ ಹೋಗ್ತೀನಿ. ನೀ ಕೂಸಿನ್ನ ಹಿಡ್ಕೊಂಡು ಮನ್ಯಾಗ ಕುಂದ್ರು. ನಿನ್ನ ನಂಬಿ ಇನ್ನ ಒಂದ್ ರಸ್ತಾನೂ ಬಿಡೂದಿಲ್ಲ ನಾ."